ಕಣ್ಣಿನ ಲೇಸರ್‌ಗೆ ಮದುವೆಯ ಮುಹೂರ್ತವೇಕೆ?

‘ಹುಡುಗಿ ಚಲೋ ಅದಾಳ, ಆದ್ರ ಚಾಳೀಸು ಹಾಕ್ತಾಳ’. ಮರಳಿಯಿರಲಿ, ಗಂಗಾವತಿಯಿರಲಿ, ಈ ಒಂದು ಮಾತು ಸಾಕು, ಹೆತ್ತವರ ನಿದ್ದೆ ಕೆಡುತ್ತದೆ. ನಿಶ್ಚಿತಾರ್ಥಕ್ಕೆ ಮೊದಲೇ ಮಗಳಿಗೆ ಲೇಸರ್ ಮಾಡಿಸಿ ಕನ್ನಡಕ ಬಿಡಿಸುವ ಅವಸರ ಶುರುವಾಗುತ್ತದೆ. ಈ ಅವಸರ ತಪ್ಪು.

ಲಾಸಿಕ್ ಚಿಕಿತ್ಸೆಯಲ್ಲಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಲೇಸರ್‌ನಿಂದ ಸವೆಸಿ, ಅದರ ಆಕಾರ ತಿದ್ದುತ್ತಾರೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಕಣ್ಣಿನ ನಂಬರ್ ನೆಲೆ ನಿಂತಿರಬೇಕು. ವಯಸ್ಸು 18 ದಾಟಿರಬೇಕು; ಕನಿಷ್ಠ ಒಂದು ವರ್ಷ ನಂಬರ್ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು. ಹಳೆಯ ಕನ್ನಡಕದ ಚೀಟಿಗಳನ್ನು ಎಸೆಯಬೇಡಿ, ವೈದ್ಯರಿಗೆ ಅವು ಬೇಕಾಗುತ್ತವೆ.

ಮದುವೆಯಾದ ಮೇಲೂ ಈ ಚಿಕಿತ್ಸೆಗೆ ಅಡ್ಡಿಯಿಲ್ಲ. ಗರ್ಭಿಣಿಯಾಗಿದ್ದಾಗ ಮತ್ತು ಮಗುವಿಗೆ ಹಾಲುಣಿಸುವಾಗ ಮಾತ್ರ ಬೇಡ. ಆಗ ನಂಬರ್ ಏರುಪೇರಾಗಬಹುದು.

ಚಿಕಿತ್ಸೆಗೆ ಮುಂಚೆ ಕಾರ್ನಿಯಾದ ದಪ್ಪ, ಆಕಾರ ಮತ್ತು ಕಣ್ಣೀರಿನ ಪ್ರಮಾಣವನ್ನು ಪರೀಕ್ಷಿಸಲೇಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ವೈದ್ಯರು ಹೇಳಿದಷ್ಟು ದಿನ ಮೊದಲೇ ಅದನ್ನು ಬಿಟ್ಟಿರಬೇಕು. ಕಾರ್ನಿಯಾ ತೆಳ್ಳಗಾಗಿ ಮುಂದಕ್ಕೆ ಚಾಚುವ ಕೆರಟೋಕೋನಸ್ ರೋಗದ ಸುಳಿವಿದ್ದರೆ ಲಾಸಿಕ್‌ನಿಂದ ದೃಷ್ಟಿ ಇನ್ನಷ್ಟು ಕೆಡಬಹುದು. ‘ನಿಮಗೆ ಬೇಡ’ ಎಂದ ವೈದ್ಯರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ‘ಆಗಲಿ’ ಎನ್ನುವವರನ್ನು ಹುಡುಕಿಕೊಂಡು ಇನ್ನೊಂದು ಊರಿಗೆ ಹೋಗಬೇಡಿ.

ನಮ್ಮದು ಭತ್ತದ ಸೀಮೆ. ತುಂಗಭದ್ರಾ ನೀರು ಹರಿಯುವ ಹೊಲಗಳಲ್ಲಿ ನವೆಂಬರ್-ಡಿಸೆಂಬರ್‌ನಲ್ಲೂ, ಬೇಸಿಗೆ ಬೆಳೆಯಿದ್ದರೆ ಏಪ್ರಿಲ್-ಮೇನಲ್ಲೂ ಕೊಯ್ಲಿನ ದೂಳು ಏಳುತ್ತದೆ. ಭತ್ತದ ಹೊಟ್ಟು ತಗುಲಿ ಕಾರ್ನಿಯಾಕ್ಕೆ ಗಾಯವಾದರೆ ಶಿಲೀಂಧ್ರದ ಸೋಂಕು ತಗುಲಿ ಹುಣ್ಣಾಗಬಹುದು, ದೃಷ್ಟಿಯೇ ಹೋಗಬಹುದು. ಆಗತಾನೇ ಲೇಸರ್ ಮಾಡಿಸಿದ ಕಣ್ಣಿಗೆ ಈ ದೂಳು ಬೇಡವೇ ಬೇಡ. ಹೊಲದಲ್ಲಿ, ಅಕ್ಕಿ ಗಿರಣಿಯಲ್ಲಿ ದುಡಿಯುವವರು ಕೊಯ್ಲಿನ ಕೆಲಸವಿಲ್ಲದ, ಕೆಲವು ವಾರ ಕಣ್ಣುಜ್ಜದೆ, ಹನಿ ಔಷಧ ಹಾಕಿಕೊಂಡು ಜೋಪಾನವಾಗಿ ಇರಬಹುದಾದ ಸಮಯವನ್ನೇ ಆರಿಸಿಕೊಳ್ಳಿ.

ಇನ್ನೊಂದು ಮಾತು. ಲೇಸರ್ ಮಾಡಿಸಿಕೊಂಡವರಿಗೂ ನಲವತ್ತು ದಾಟಿದ ಮೇಲೆ ಓದಲು ಕನ್ನಡಕ ಬೇಕಾಗಬಹುದು. ಮುಪ್ಪಿನಲ್ಲಿ ಪೊರೆಯೂ ಬರುತ್ತದೆ.

ಕನ್ನಡಕ ಊನವಲ್ಲ. ಬಿಡಬೇಕೇ ಬೇಡವೇ ಎಂಬುದನ್ನು ಅದನ್ನು ಹಾಕಿಕೊಳ್ಳುವ ಮಗಳೇ ಹೇಳಲಿ, ಯಾವಾಗ ಎಂಬುದನ್ನು ಕಣ್ಣಿನ ಪರೀಕ್ಷೆ ಹೇಳಲಿ. ಗಂಡಿನ ಕಡೆಯವರಿಗೆ ಇವೆರಡರಲ್ಲೂ ಮಾತಿಲ್ಲ.