ಸೇವಾಭಾವವೊಂದೇ ಸಾಕೇ?

ದಾದಿಯರಿಗೆ ಸೇವಾಭಾವವಿದ್ದರೆ ಸಾಕು, ಪದವಿ ಯಾಕೆ ಎಂದು ಕೇಳಿರುವ ಲೇಖನ (ನಿನ್ನೆಯ ಸಂಚಿಕೆ) ಓದಿ ಸಿಟ್ಟು ಬಂತು. ಆಪರೇಷನ್ ಆದ ರೋಗಿಯ ನಾಡಿ ನಡುರಾತ್ರಿ ಏರುತ್ತಿದೆ, ಬಿಪಿ ಇಳಿಯುತ್ತಿದೆ, ಯೂರಿನ್ ಬ್ಯಾಗ್ ಗಂಟೆಯಿಂದ ಹಾಗೇ ಇದೆ. ಒಳಗೆ ರಕ್ತಸ್ರಾವವಾಗುತ್ತಿರಬಹುದೆಂದು ಗ್ರಹಿಸಿ ತಕ್ಷಣ ಡಾಕ್ಟರನ್ನು ಎಬ್ಬಿಸಲು ಬರೀ ಕರುಣೆ ಸಾಲದು, ಓದಿರಬೇಕು. ನಮ್ಮ ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಬಿಪಿ, ಶುಗರ್ ನೋಡುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ಬಿ.ಎಸ್ಸಿ. ನರ್ಸಿಂಗ್ ಮಾಡಿದವರೇ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ 2023ರಲ್ಲಿ ಹೊಸ ಆಯೋಗದ ಕಾಯ್ದೆಯೂ ಬಂದಿದೆ. ಇಷ್ಟಾದರೂ, ಒಬ್ಬ ನರ್ಸ್ ಎಷ್ಟು ಹಾಸಿಗೆ ನೋಡಿಕೊಳ್ಳಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಎಷ್ಟೋ ಕಡೆ ಅವರಿಗೇ ಕುರ್ಚಿಯಿಲ್ಲ. ಲೇಖಕರು ಪ್ರಶ್ನಿಸಬೇಕಿದ್ದದ್ದು ಅದನ್ನು.