ಮನೆಯ ಹಾಡು, ಮನೆಯಲ್ಲೇ ಮುದ್ರಣ

ಶಿವಮೊಗ್ಗದಲ್ಲಿ ಒಂದು ಹೊಸಮನೆಯುಂಟು. ಭದ್ರಾವತಿಯಲ್ಲಿಯೂ ಒಂದು ಹೊಸಮನೆಯುಂಟು. ಒಂದು ತುಂಗೆಯ ಊರಿನ ಬಡಾವಣೆ, ಇನ್ನೊಂದು ಭದ್ರೆಯ ಊರಿನದು. ಎರಡು ಕಡೆಯೂ ಬಳಗವಿರುವ ಒಂದು ಸಂಸಾರವನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಅಕ್ಕ ಶಿವಮೊಗ್ಗದ ಹೊಸಮನೆಯಲ್ಲಿದ್ದಾಳೆ, ತಂಗಿ ಭದ್ರಾವತಿಯ ಹೊಸಮನೆಯಲ್ಲಿ. ಅಕ್ಕನಿಗೆ ಎಂಬತ್ತು ಸಮೀಪಿಸಿದೆ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಎಲ್ಲವೂ ಆಕೆಗೆ ಕಂಠಪಾಠ. ಆದರೆ ಒಂದನ್ನೂ ಯಾರೂ ಬರೆದಿಟ್ಟಿಲ್ಲ. ಬರೆದರೂ ಧಾಟಿ ಕಾಗದದ ಮೇಲೆ ನಿಲ್ಲುವುದಿಲ್ಲ.

ಶ್ರಾವಣದ ಒಂದು ಸಂಜೆ ಸೊಸೆ ಮಾತು ತೆಗೆದಳು.

“ಅತ್ತೆ, ನಿಮ್ಮ ಹಾಡುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹಿಡಿದಿಡಬೇಕು.”

“ಹಿಡಿದಿಡು ತಾಯಿ, ನಾನೇನು ಬೇಡವೆಂದೆನೆ?”

ಧ್ವನಿಮುದ್ರಣಕ್ಕೆ ತಕ್ಕ ತಂತ್ರಾಂಶವನ್ನು ಆರಿಸುವ ಹೊಣೆ ಎಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನ ಪಾಲಿಗೆ ಬಂತು. ಅವನು ವಾರಗಟ್ಟಲೆ ಹುಡುಕಿ, ಸಿನಿಮಾ ಸಂಗೀತಗಾರರು ಬಳಸುವ ತಂತ್ರಾಂಶವೇ ಬೇಕೆಂದೂ ಅದಕ್ಕೆ ಹತ್ತಾರು ಸಾವಿರ ರೂಪಾಯಿ ಆಗುವುದೆಂದೂ ವರದಿ ಒಪ್ಪಿಸಿದನು. ತಂದೆಯ ಮುಖ ಗಂಟಾಯಿತು. ಮೊಮ್ಮಗನ ಸ್ನೇಹಿತನೊಬ್ಬನು ಅದೇ ತಂತ್ರಾಂಶದ ಕಳ್ಳಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಂದುಕೊಡುವುದಾಗಿ ಹೇಳಿದನು. ಅದನ್ನು ತಾಯಿ ಒಪ್ಪಲಿಲ್ಲ. ಚರ್ಚೆಯಲ್ಲಿಯೇ ಗಣೇಶನ ಹಬ್ಬ ಕಳೆಯಿತು, ನವರಾತ್ರಿ ಕಳೆಯಿತು. ಅಜ್ಜಿಯ ಹಾಡು ಮಾತ್ರ ಇನ್ನೂ ಅಜ್ಜಿಯ ಬಾಯಲ್ಲೇ ಇತ್ತು.

ಇಂಥ ಗೊಂದಲ ಇಂದು ಅನೇಕ ಮನೆಗಳಲ್ಲಿ ಉಂಟು. ಅದನ್ನು ಪರಿಹರಿಸಿಕೊಳ್ಳಬೇಕಾದರೆ ಮೊದಲು ಒಂದು ವಿಷಯ ಮನಸ್ಸಿಗೆ ಸ್ಪಷ್ಟವಾಗಬೇಕು: ಧ್ವನಿಯನ್ನು ಹಿಡಿಯುವುದು ತಂತ್ರಾಂಶವಲ್ಲ.

ಹಾಡುವವರ ಕಂಠದಿಂದ ಹೊರಟ ಗಾಳಿಯ ಅಲೆ ಮೈಕಿನ ತೆಳುಪೊರೆಯನ್ನು ಅಲುಗಿಸುತ್ತದೆ. ಆ ಅಲುಗಾಟ ವಿದ್ಯುತ್ತಾಗುತ್ತದೆ. ಮೈಕಿನೊಳಗೋ ಕಂಪ್ಯೂಟರಿಗೆ ಜೋಡಿಸಿದ ಪುಟ್ಟ ಪೆಟ್ಟಿಗೆಯೊಳಗೋ ಇರುವ ಒಂದು ಯಂತ್ರಾಂಗವು ಆ ವಿದ್ಯುತ್ತನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅದರ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಕಿವಿಗೆ ಬೇಕಾದುದು ಯಾವುದೂ ತಪ್ಪಿಹೋಗುವುದಿಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯ ಲೆಕ್ಕವೂ ಇದೇ. ತಂತ್ರಾಂಶದ ಕೆಲಸವೆಂದರೆ ಈ ಅಂಕಿಗಳನ್ನು ಸಾಲಾಗಿ ಬರೆದಿಡುವುದು. ಶಾನುಭೋಗರು ಬೆಳ್ಳಿಯ ಲೇಖನಿಯಿಂದ ಬರೆದರೂ ಬಿದಿರಿನ ಲೇಖನಿಯಿಂದ ಬರೆದರೂ ಕಂದಾಯದ ಮೊತ್ತ ಬೇರೆಯಾಗುವುದುಂಟೆ? ಹಾಗೆಯೇ, ಒಂದೇ ಮೈಕಿನಿಂದ ಒಂದೇ ಕೋಣೆಯಲ್ಲಿ ಬಂದ ಹಾಡನ್ನು ಬಿಟ್ಟಿ ತಂತ್ರಾಂಶವೂ ದುಬಾರಿ ತಂತ್ರಾಂಶವೂ ಒಂದೇ ಬಗೆಯಾಗಿ ಬರೆದಿಡುತ್ತವೆ.

ಹಾಗಾದರೆ ಹೆಚ್ಚಿನ ಬೆಲೆಗೆ ದೊರೆಯುವುದೇನು? ಹತ್ತಾರು ವಾದ್ಯಗಳನ್ನು ಬೇರೆ ಬೇರೆಯಾಗಿ ಮುದ್ರಿಸಿ ಹೊಂದಿಸುವ ಸೌಕರ್ಯ, ಕಂಪ್ಯೂಟರೇ ನುಡಿಸುವ ವೀಣೆ, ಪಿಟೀಲು, ಡೋಲುಗಳು, ಧ್ವನಿಗೆ ಮೆರುಗು ಕೊಡುವ ಉಪಕರಣಗಳು. ಇವು ಬೇಕಾದವರಿಗೆ ಆ ಬೆಲೆ ದುಬಾರಿಯಲ್ಲ. ಅಜ್ಜಿಯ ಆರತಿ ಹಾಡಿಗೆ ಇವುಗಳಲ್ಲಿ ಒಂದೂ ಬೇಡ. ಆದುದರಿಂದ ‘ಯಾವುದು ಶ್ರೇಷ್ಠ?’ ಎಂದು ಕೇಳುವುದಕ್ಕಿಂತ ‘ನಮ್ಮ ಮನೆಯ ಕೆಲಸ ಯಾವುದು?’ ಎಂದು ಕೇಳುವುದೇ ಜಾಣತನ.

ಒಬ್ಬರ ಕಂಠ, ಹೆಚ್ಚೆಂದರೆ ಜೊತೆಗೊಂದು ಶ್ರುತಿಪೆಟ್ಟಿಗೆ, ಇಷ್ಟೇ ಆದರೆ ಅಡಾಸಿಟಿ ಎಂಬ ತಂತ್ರಾಂಶ ಧಾರಾಳವಾಗಿ ಸಾಕು. ಇದನ್ನು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡೊಮಿನಿಕ್ ಮಜ್ಜೋನಿ, ರೋಜರ್ ಡ್ಯಾನೆನ್‌ಬರ್ಗ್ ಎಂಬಿಬ್ಬರು 1999ರಲ್ಲಿ ಆರಂಭಿಸಿದರು. 2000ದಲ್ಲಿ ಅದು ಲೋಕದ ಕೈಸೇರಿತು. 2021ರಲ್ಲಿ ಒಡೆತನ ಮ್ಯೂಸ್ ಗ್ರೂಪ್ ಎಂಬ ಸಂಸ್ಥೆಗೆ ಹೋದರೂ ತಂತ್ರಾಂಶ ಉಚಿತವಾಗಿಯೇ ಉಳಿದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ. ಹಾಡಿನ ನಡುವೆ ಬಂದ ಕೆಮ್ಮನ್ನು ಕತ್ತರಿಸುವುದು, ಎರಡು ಸಲ ಹಾಡಿದುದರಲ್ಲಿ ಒಳ್ಳೆಯ ಭಾಗಗಳನ್ನು ಜೋಡಿಸುವುದು ಮುಂತಾದ ಕೆಲಸಗಳನ್ನು ಮನೆಯ ಯಾರಾದರೂ ಎರಡು ದಿನಗಳಲ್ಲಿ ಕಲಿಯಬಹುದು. ಮನೆಯಲ್ಲಿರುವುದು ಆಪಲ್ ಕಂಪ್ಯೂಟರ್ ಆದರೆ 2004ರಲ್ಲಿ ಬಂದ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿಯೇ ಸಿಗುತ್ತದೆ. ಬೇರೆ ಹುಡುಕುವ ಶ್ರಮವೂ ಇಲ್ಲ.

ಮನೆಯ ಮಗಳು ಭಾವಗೀತೆ ಹಾಡುವವಳು, ತಮ್ಮನು ತಬಲ ನುಡಿಸುವವನು, ಹಾರ್ಮೋನಿಯಮ್ಮಿನ ದನಿಯನ್ನು ಆಮೇಲೆ ಸೇರಿಸಬೇಕು ಎಂದಾದರೆ ಕೆಲಸ ಸ್ವಲ್ಪ ದೊಡ್ಡದಾಯಿತು. ಒಂದನ್ನು ಕೇಳುತ್ತ ಇನ್ನೊಂದನ್ನು ಮುದ್ರಿಸುವಾಗ ಹೆಡ್‌ಫೋನಿನಲ್ಲಿ ತನ್ನ ದನಿ ತನಗೇ ತಡವಾಗಿ ಕೇಳಿಬಂದರೆ ತಾಳ ಕೆಡುತ್ತದೆ. ಕಂಪ್ಯೂಟರು 1,024 ಅಂಕಿಗಳನ್ನು ಕೂಡಿಹಾಕಿಕೊಂಡು ಮುಂದೆ ಕಳುಹಿಸುವಂತಿದ್ದರೆ ಸೆಕೆಂಡಿನ ಸಾವಿರದಲ್ಲಿ 23 ಪಾಲು ತಡ; ಅದನ್ನು 128ಕ್ಕೆ ಇಳಿಸಿದರೆ ಸುಮಾರು 3 ಪಾಲು ಮಾತ್ರ. ಇದನ್ನು ಬೇಕಾದಂತೆ ಹೊಂದಿಸಿಕೊಳ್ಳಲು ಅನುಕೂಲವಿರುವ ತಂತ್ರಾಂಶಗಳಲ್ಲಿ ರೀಪರ್ ಎಂಬುದು ಕೈಗೆಟುಕುವಂಥದು. 60 ದಿನ ಪೂರ್ಣವಾಗಿ ಬಳಸಿನೋಡಲು ಅವಕಾಶವಿದೆ. ಅನಂತರ ಸ್ವಂತ ಬಳಕೆಗೆ 60 ಡಾಲರ್, ಎಂದರೆ ಐದು ಸಾವಿರ ರೂಪಾಯಿಗೂ ಮೇಲೆ. ಲಿನಕ್ಸ್ ಬಲ್ಲವರಿಗೆ ಆರ್ಡರ್ ಎಂಬ ಇನ್ನೊಂದು ಮುಕ್ತ ತಂತ್ರಾಂಶವೂ ಉಂಟು.

ಕಳ್ಳಪ್ರತಿಯನ್ನು ಒಪ್ಪದ ತಾಯಿಯ ನಿಲುವು ನ್ಯಾಯವಾದುದೇ ಹೌದು. ಪರರ ದುಡಿಮೆಯನ್ನು ಕದಿಯುವುದು ಒಂದು ದೋಷ. ಅದರೊಡನೆ ಕಂಪ್ಯೂಟರಿಗೆ ರೋಗ ಹೊಕ್ಕು ಮನೆಯ ಲೆಕ್ಕಪತ್ರ, ಭಾವಚಿತ್ರಗಳೆಲ್ಲ ಹಾಳಾಗುವ ಭಯ ಇನ್ನೊಂದು. ನ್ಯಾಯವಾಗಿ ಉಚಿತವಾದುದೇ ಕೆಲಸಕ್ಕೆ ಒದಗುತ್ತಿರುವಾಗ ಕದ್ದುದಕ್ಕೆ ಕೈಯೊಡ್ಡುವುದೇಕೆ? ಉಚಿತವಾದುದನ್ನು ಕೂಡ ಅದರ ಸ್ವಂತ ತಾಣದಿಂದಲೇ ಪಡೆಯಬೇಕು. ಅದೇ ಹೆಸರಿನ ಸೋಗು ಹಾಕಿದವು ಎಷ್ಟೋ ಇರುತ್ತವೆ.

ತಂತ್ರಾಂಶದಲ್ಲಿ ಉಳಿದ ಹಣವನ್ನು ಮೈಕಿಗೆ ವೆಚ್ಚ ಮಾಡುವುದು ಲೇಸು. ಕಂಪ್ಯೂಟರಿನೊಳಗೇ ಇರುವ ಮೈಕು ಅದರ ಫ್ಯಾನಿನ ಸದ್ದನ್ನೂ ಹಿಡಿಯುತ್ತದೆ. ನೇರವಾಗಿ ಯು.ಎಸ್.ಬಿ. ಕಿಂಡಿಗೆ ಸಿಕ್ಕಿಸುವ ಸಾಧಾರಣ ಮೈಕೊಂದು ಇಂಥ ಕೆಲಸಕ್ಕೆ ಸಾಕು. ಅದಕ್ಕಿಂತಲೂ ಮುಖ್ಯವಾದುದು ಕೋಣೆ. ಬರಿಯ ಗೋಡೆ, ನುಣುಪು ನೆಲವಿರುವ ನಡುಮನೆಯಲ್ಲಿ ದನಿ ಮರುದನಿಗೊಟ್ಟು ಕಲಸಿಹೋಗುತ್ತದೆ. ಹಾಸಿಗೆ, ದಿಂಬು, ಬಟ್ಟೆಯ ಬೀರು ಇರುವ ಮಲಗುವ ಕೋಣೆಯೇ ಒಳ್ಳೆಯದು. ಹಾಡುವವರ ಹಿಂದೆ ಒಂದು ದಪ್ಪ ಕಂಬಳಿಯನ್ನು ತೂಗುಹಾಕಿದರೆ ಇನ್ನೂ ಚೆನ್ನ. ಫ್ಯಾನು ನಿಲ್ಲಲಿ. ಕುಕ್ಕರಿನ ಸೀಟಿ, ಮಿಕ್ಸಿಯ ಗದ್ದಲ ಮುಗಿದಿರಲಿ. ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. ಮಲೆನಾಡಿನ ಸೆರಗಿನ ಈ ಊರುಗಳಲ್ಲಿ ಆಷಾಢ ಶ್ರಾವಣಗಳ ಮಳೆ ತಗಡಿನ ಮೇಲೆ ಬಿದ್ದರೆ ಹಾಡಿಗೆ ಕೇಡಿಲ್ಲದಂತೆ ಅದನ್ನು ಬೇರ್ಪಡಿಸುವುದು ಕಷ್ಟ. ಮಳೆ ಬಿಟ್ಟ ಹೊತ್ತನ್ನು ಕಾಯುವುದೇ ಅದಕ್ಕೆ ಮದ್ದು.

ಇನ್ನೊಂದು ಎಚ್ಚರಿಕೆ. ಕೆಲವು ಕಂಪ್ಯೂಟರುಗಳಲ್ಲಿಯೂ ಮಾತುಕತೆಗೆಂದು ಮಾಡಿದ ಸಾಧನಗಳಲ್ಲಿಯೂ ಗದ್ದಲವನ್ನು ತಾನಾಗಿ ಅಳಿಸುವ ಏರ್ಪಾಡು ಇರುತ್ತದೆ. ಎಡೆಬಿಡದೆ ನುಡಿಯುವ ಶ್ರುತಿಪೆಟ್ಟಿಗೆಯನ್ನು ಅದು ಗದ್ದಲವೆಂದೇ ತಿಳಿದು ಅಳಿಸಿಬಿಡಬಹುದು. ಮುದ್ರಣಕ್ಕೆ ಮೊದಲು ಅದನ್ನು ನಿಲ್ಲಿಸಬೇಕು. ದನಿಯ ಮಟ್ಟ ತೋರಿಸುವ ಪಟ್ಟಿ ಕೆಂಪನ್ನು ಮುಟ್ಟದಂತೆಯೂ ನೋಡಿಕೊಳ್ಳಬೇಕು. ಮೆಲ್ಲಗೆ ಮುದ್ರಿತವಾದುದನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಕೂಡಿಸಲು ಬಾರದು.

ಮುದ್ರಿಸಿದುದನ್ನು ಉಳಿಸುವ ಮಾತೂ ಆಯ್ಕೆಗೆ ಸಂಬಂಧಿಸಿದುದೇ. ಪ್ರತಿಯೊಂದು ತಂತ್ರಾಂಶಕ್ಕೂ ತನ್ನದೇ ಆದ ಕಡತದ ರೂಪವುಂಟು. ಆ ತಂತ್ರಾಂಶ ನಿಂತುಹೋದರೆ ಕಡತ ಬೀಗದ ಕೈ ಕಳೆದ ಪೆಟ್ಟಿಗೆಯಾಗುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ಪ್ರತಿಯೊಂದು ಹಾಡನ್ನೂ ಎಲ್ಲ ಯಂತ್ರಗಳೂ ಓದಬಲ್ಲ ವೇವ್ ರೂಪಕ್ಕೆ ಇಳಿಸಿಡಬೇಕು. ಒಂದೇ ಮೈಕಿನ ಹಾಡು ಸಿ.ಡಿ. ಮಟ್ಟದಲ್ಲಿ ನಿಮಿಷಕ್ಕೆ ಸುಮಾರು 5 ಎಂ.ಬಿ. ಜಾಗ ತಿನ್ನುತ್ತದೆ, ನಾಲ್ಕು ನಿಮಿಷದ ನೂರು ಹಾಡುಗಳಿಗೆ 2 ಜಿ.ಬಿ.ಗಿಂತ ತುಸು ಹೆಚ್ಚು. ಸಾಧಾರಣ ಪೆನ್‌ಡ್ರೈವಿನ ಮೂಲೆಯೊಂದರಲ್ಲಿ ಒಂದು ತಲೆಮಾರಿನ ಹಾಡೆಲ್ಲ ಹಿಡಿಯುತ್ತದೆ. ಆದರೆ ಒಂದೇ ಪ್ರತಿಯನ್ನು ನಂಬಬಾರದು. ಬೇರೆ ಬೇರೆ ಮನೆಗಳಲ್ಲಿ ಪ್ರತಿಗಳಿರಬೇಕು.

ಹಿಂದೆ ಇದೆಲ್ಲ ಸಾಮಾನ್ಯರ ಕೈಗೆ ಸಿಗುವಂಥದಾಗಿರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಮೂರು ನಿಮಿಷದೊಳಗೆ ರಾಗವನ್ನು ಮುಗಿಸಬೇಕಾಗಿತ್ತು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಸಾರುತ್ತಿದ್ದರು. ಆಕೆ ಮೈಸೂರಿನಲ್ಲಿ ಕಾಲವಾದುದು 1930ರಲ್ಲಿ. ದನಿಯೂ ಹೆಸರೂ ಇಂದಿಗೂ ಒಟ್ಟಿಗೆ ಕೇಳಿಬರುತ್ತವೆ. ಭದ್ರಾವತಿಗೆ ಆಕಾಶವಾಣಿ ಬಂದುದು 1965ರಲ್ಲಿ. ಅದರ ಮುದ್ರಣಶಾಲೆಗೆ ಕರೆ ಬಂದ ಕಲಾವಿದರ ದನಿಗಷ್ಟೇ ಆ ಭಾಗ್ಯ. 2022ರಲ್ಲಿ ಈ ಸೀಮೆ ಇಬ್ಬರನ್ನು ಕಳೆದುಕೊಂಡಿತು: ಭಾವಗೀತೆಗಳ ಗಾಯಕ ಶಿವಮೊಗ್ಗ ಸುಬ್ಬಣ್ಣ, ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ. ಇಬ್ಬರ ದನಿಯೂ ಮುದ್ರಣಗಳಲ್ಲಿ ಉಳಿದಿದೆ. ಹೆಸರಿಲ್ಲದ ಅಜ್ಜಿಯರ ದನಿಯನ್ನು ಉಳಿಸುವ ಹೊಣೆ ಮಾತ್ರ ಅವರವರ ಮನೆಯವರದೇ.

ಹೊಸಮನೆಯ ಸಂಸಾರದಲ್ಲಿ ಕೊನೆಗೆ ಚರ್ಚೆ ಮುಗಿದುದು ದೀಪಾವಳಿಗೆ. ಉಚಿತ ತಂತ್ರಾಂಶ ಒಂದು ಸಂಜೆಯಲ್ಲಿ ಕಂಪ್ಯೂಟರಿಗೆ ಸೇರಿತು. ಅಜ್ಜಿ ಹಾಸಿಗೆಯ ಮೇಲೆ ಕುಳಿತು ಹಸೆಯ ಹಾಡನ್ನು ಎತ್ತಿಕೊಂಡಳು. ಮೂರು ನುಡಿ ಸಾಗಿತು. ನಾಲ್ಕನೆಯದಕ್ಕೆ ಆಕೆ ನಿಂತಳು. ತುಟಿ ಅಲುಗಿತು, ಮಾತು ಬರಲಿಲ್ಲ.

“ಶ್ರಾವಣದಲ್ಲಿ ಬರುತ್ತಿತ್ತಲ್ಲ ಅಜ್ಜಿ, ನೀನೇ ಹಾಡಿದ್ದೆ,” ಎಂದನು ಮೊಮ್ಮಗ.

“ಆಗ ಬರುತ್ತಿತ್ತು ಮಗು.”

ಯಾರೂ ಮಾತಾಡಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಮೊಮ್ಮಗನು ಮೈಕನ್ನು ಚೀಲದಲ್ಲಿಟ್ಟುಕೊಂಡು ಅಜ್ಜಿಯನ್ನು ಕರೆದುಕೊಂಡು ಭದ್ರಾವತಿಯ ಹೊಸಮನೆಗೆ ಹೋದನು. ಅಕ್ಕ ಮರೆತ ನುಡಿಗಳಲ್ಲಿ ಒಂದು ತಂಗಿಯ ನೆನಪಿನಲ್ಲಿತ್ತು. ಇನ್ನೊಂದು ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರೂ ಒಂದೇ ಮೈಕಿನ ಮುಂದೆ ಕುಳಿತು, ಬಂದಷ್ಟನ್ನು ಹಾಡಿದರು. ಹಾಡುವ ಮೊದಲು ತಮ್ಮ ಹೆಸರು, ತವರೂರು, ಹಾಡನ್ನು ಕಲಿಸಿದ ತಾಯಿಯ ಹೆಸರು, ಅಂದಿನ ತಾರೀಖು ಇಷ್ಟನ್ನೂ ಹೇಳಿದರು. ಒಂದು ಪ್ರತಿ ಭದ್ರಾವತಿಯಲ್ಲಿ ಉಳಿಯಿತು; ಇನ್ನೊಂದು ಶಿವಮೊಗ್ಗಕ್ಕೆ ಬಂತು.

ತಂತ್ರಾಂಶ ಈ ವರ್ಷ ಸರಿಬರದಿದ್ದರೆ ಮುಂದಿನ ವರ್ಷ ಬದಲಾಯಿಸಬಹುದು. ಇನ್ನೂ ಆರಿಸಲು ಆಗಿಲ್ಲವೆಂದರೆ ಕೈಯಲ್ಲಿರುವ ಮೊಬೈಲಿನಲ್ಲಿಯೇ ಇಂದು ರಾತ್ರಿ ಒಂದು ಹಾಡನ್ನು ಹಿಡಿಯಬಹುದು. ಉತ್ತಮವಾದುದು ನಾಳೆ ಬರಲಿ. ಇರುವ ಹಾಡು ಇಂದೇ ದಾಖಲಾಗಲಿ.