ಕೈ ಎತ್ತುವ ಮೊದಲು

ಅನುದಾನ ಹಂಚುವ ಸಭೆಯಲ್ಲಿ ಕೈ ಎತ್ತಿದ ಸದಸ್ಯರ ಭಾವಮೈದನಿಗೇ ಆ ಕೆಲಸದ ಗುತ್ತಿಗೆ ಸಿಕ್ಕರೆ ಊರಿನವರು ಏನೆಂದುಕೊಳ್ಳಬೇಕು? ದೇವಲಾಪುರದಲ್ಲಾಗಲಿ, ನಾಗಮಂಗಲ ತಾಲ್ಲೂಕಿನ ಇನ್ಯಾವ ಊರಲ್ಲಾಗಲಿ, ಬಸ್ಸಿಗೆ ಕಾಯುವವರಿಗೆ ಇದು ಹರಟೆಯ ಮಾತು. ಕಾನೂನಿಗೆ ಹರಟೆಯಲ್ಲ.

ತನಗೆ ಹಣದ ಹಿತಾಸಕ್ತಿ ಇರುವ ವಿಷಯ ಸಭೆಗೆ ಬಂದರೆ ಗ್ರಾಮ ಪಂಚಾಯಿತಿ ಸದಸ್ಯ ಚರ್ಚೆಯಲ್ಲೂ ಸೇರಬಾರದು, ಮತವನ್ನೂ ಹಾಕಬಾರದು ಅಂತ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಅಧ್ಯಕ್ಷರ ಮೇಲೇ ಅನುಮಾನ ಬಂತೋ, ಸದಸ್ಯರು ಎದ್ದು ಕೇಳಬಹುದು. ಸಭೆ ಒಪ್ಪಿದರೆ ಆ ಚರ್ಚೆ ಮುಗಿಯುವ ತನಕ ಅವರು ಕುರ್ಚಿ ಬಿಡಬೇಕು. ಪಂಚಾಯಿತಿ ಗುತ್ತಿಗೆಯಲ್ಲಿ ಪಾಲಿದ್ದರಂತೂ ಸದಸ್ಯತ್ವಕ್ಕೇ ಕುತ್ತು.

ಸ್ವಂತ ಹೆಸರಿನ ಗುತ್ತಿಗೆಯನ್ನು ಹಿಡಿಯುವುದು ಸುಲಭ. ಅಣ್ಣನ ಮಗನ ಹೆಸರಲ್ಲಿದ್ದರೆ? ಹಳ್ಳಿಯಲ್ಲಿ ಎಲ್ಲರೂ ನೆಂಟರೇ, ನಿಜ. ಅದಕ್ಕೇ ಸಭೆ ಶುರುವಾಗುವಾಗಲೇ ನಮ್ಮವರು ಇದ್ದಾರೆ ಅಂತ ಹೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ, ಆಚೆ ಕೂತರೆ ಯಾರ ಮರ್ಯಾದೆಯೂ ಹೋಗದು. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಕಟ್ಟಿಟ್ಟದ್ದು. ಉಳಿದ ಶೇ. 40 ಯಾವ ಬೀದಿಗೆ ಅನ್ನೋದು ಸಭೆಯ ಕೈಲಿತ್ತು.

ನಡವಳಿಯ ನಕಲಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. ಅಂಗಡಿ ಲೈಸೆನ್ಸಿಗೆ ಅಲೆದವರಿಗೆ ಪಿಡಿಓ ಕಚೇರಿಯ ದಾರಿ ಗೊತ್ತೇ ಇದೆ.